ಲಾರಿಗೆ ಲೆಕ್ಕವಿದೆ, ಡ್ರೈವರಿನ ನಿದ್ದೆಗಿಲ್ಲ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದ ಹಳಬರಿಗೆ ಈ ದೃಶ್ಯ ಚೆನ್ನಾಗಿ ನೆನಪಿರುತ್ತದೆ. ಎಂಜಿನ್ನು, ಸ್ಟೇರಿಂಗು, ಚಕ್ರ ಬಿಟ್ಟರೆ ಬೇರೇನೂ ಇಲ್ಲದ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಬಾಗಿಲಿಲ್ಲ, ತಲೆಯ ಮೇಲೆ ಮಾಡಿಲ್ಲ, ಎಷ್ಟೋ ಗಾಡಿಗಳಿಗೆ ಮುಂದಿನ ಗಾಜೂ ಇಲ್ಲ. ಮುಖಕ್ಕೆ ಟವೆಲ್ ಸುತ್ತಿ, ಕಣ್ಣಷ್ಟೇ ಬಿಟ್ಟುಕೊಂಡ ಡ್ರೈವರ್ ಗಾಳಿ, ಧೂಳು, ಮಳೆಗೆ ಎದೆಯೊಡ್ಡಿ ನೂರಾರು ಕಿಲೋಮೀಟರ್ ಓಡಿಸುತ್ತಿದ್ದ. ಕಾರ್ಖಾನೆಯವರು ಮಾರುತ್ತಿದ್ದುದು ಚಾಸಿಯನ್ನು ಮಾತ್ರ. ಬಾಡಿ ಕಟ್ಟಿಸುವುದು ಮಾಲೀಕನ ಪಾಲಿನ ಕೆಲಸ. ತಮಿಳುನಾಡಿನ ನಾಮಕ್ಕಲ್‌ನಂಥ ಊರುಗಳಲ್ಲಿ ಬಡಗಿ, ವೆಲ್ಡರ್, ಪೇಂಟರ್ ಸೇರಿ ಚಾಸಿಯ ಮೇಲೆ ಕ್ಯಾಬಿನ್ನು ಎಬ್ಬಿಸುತ್ತಿದ್ದರು. ಸೀಟಿಗೆ ಎಷ್ಟು ಸ್ಪಂಜು ಹಾಕಬೇಕು, ಹಿಂದೆ ಮಲಗಲು ಹಲಗೆ ಬೇಕೋ ಬೇಡವೋ ಎಂಬುದೆಲ್ಲ ಮಾಲೀಕನ ಜೇಬನ್ನು ನೋಡಿಕೊಂಡು ತೀರ್ಮಾನವಾಗುತ್ತಿತ್ತು. ದಿನವಿಡೀ ಅಲ್ಲಿ ಕೂರುವವನನ್ನು ಯಾರೂ ಕೇಳುತ್ತಿರಲಿಲ್ಲ.

2025ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯ. ಟವೆಲ್ ಸುತ್ತಿದ ಮುಖದಿಂದ ಎ.ಸಿ. ಕ್ಯಾಬಿನ್ನಿನವರೆಗಿನ ಈ ದಾರಿಯಲ್ಲಿ ಯಂತ್ರ ಬದಲಾಗಿದೆ, ಕಾಯ್ದೆ ಬದಲಾಗಿದೆ, ರಸ್ತೆಯಂತೂ ಗುರುತೇ ಸಿಗದಷ್ಟು ಬದಲಾಗಿದೆ. ಆದರೆ ಒಂದು ವಿಷಯದಲ್ಲಿ ಡ್ರೈವರ್ 1961ರಲ್ಲಿ ಎಲ್ಲಿದ್ದನೋ ಇಂದೂ ಹೆಚ್ಚುಕಡಿಮೆ ಅಲ್ಲೇ ಇದ್ದಾನೆ.

ಕಥೆ ಶುರುವಾಗುವುದು ರೈಲಿನಿಂದ. 1930ರ ದಶಕದಲ್ಲಿ ಬಸ್ಸು, ಲಾರಿಗಳು ರೈಲ್ವೆಯ ಗಿರಾಕಿಗಳನ್ನು ಕಸಿಯತೊಡಗಿದಾಗ ಬ್ರಿಟಿಷ್ ಸರ್ಕಾರಕ್ಕೆ ದಿಗಿಲಾಯಿತು. ರೈಲಿನಲ್ಲಿ ಹೂಡಿದ್ದ ಬಂಡವಾಳ ಸಣ್ಣದೇನಲ್ಲ. ರಸ್ತೆಗೂ ರೈಲಿಗೂ ನಡೆದಿದ್ದ ಪೈಪೋಟಿಯನ್ನು ಅಳೆಯಲು ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳನ್ನು ನೇಮಿಸಲಾಯಿತು. 1939ರಲ್ಲಿ ಮೋಟಾರು ವಾಹನ ಕಾಯ್ದೆ ಬಂತು. ಯಾರ ಲಾರಿ ಯಾವ ದಾರಿಯಲ್ಲಿ ಓಡಬೇಕು ಎಂಬುದಕ್ಕೆ ಪರ್ಮಿಟ್ಟು ಬೇಕಾಯಿತು. 1945ರ ಒಂದು ನೀತಿಸಂಹಿತೆಯಂತೂ ಸರಕು ಲಾರಿಗಳ ಮುಕ್ತ ಓಡಾಟವನ್ನು 75 ಮೈಲಿಗೆ ಕಟ್ಟಿಹಾಕಿತು. ಅದರಾಚೆಗೆ ಸರಕು ರೈಲಿನಲ್ಲೇ ಹೋಗಲಿ ಎಂಬುದು ಸರ್ಕಾರದ ಇರಾದೆ. ಬೆಂಗಳೂರಿನಿಂದ ಲೆಕ್ಕ ಹಾಕಿದರೆ 75 ಮೈಲಿಗೆ ಚಿತ್ರದುರ್ಗ ಕೂಡ ಸಿಗುವುದಿಲ್ಲ!

ಅಂದಿನ ಲಾರಿಗಳಾದರೂ ಎಂಥವು? ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸು, ಲಾರಿಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಗ್ಯಾಸಿನಲ್ಲಿ ಓಡಿಸಿದರು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕಾಗುತ್ತಿತ್ತು. ಯುದ್ಧ ಮುಗಿದ ಮೇಲೆ ಸೇನೆಯವರು ಬಿಟ್ಟುಹೋದ ಫೋರ್ಡ್, ಷೆವರ್ಲೆ ಲಾರಿಗಳು ಹರಾಜಿಗೆ ಬಂದವು. ಎಷ್ಟೋ ಊರುಗಳ ಲಾರಿ ದಂಧೆ ನಿಂತದ್ದು ಈ ಹಳೇ ಮಿಲಿಟರಿ ಗಾಡಿಗಳ ಮೇಲೆ. 1954ರಲ್ಲಿ ಜಮ್‌ಶೆಡ್‌ಪುರದಲ್ಲಿ ಟೆಲ್ಕೊ ಕಂಪನಿ ಜರ್ಮನಿಯ ಡೈಮ್ಲರ್–ಬೆಂಜ್ ಜೊತೆ ಸೇರಿ ಲಾರಿ ಮಾಡತೊಡಗಿತು. ಮರುವರ್ಷ ಮದ್ರಾಸಿನ ಅಶೋಕ್ ಮೋಟಾರ್ಸ್, ಅಶೋಕ್ ಲೇಲ್ಯಾಂಡ್ ಆಯಿತು. ಮುಂದಿನ ನಲವತ್ತು ವರ್ಷ ಭಾರತದ ಹೆದ್ದಾರಿ ಬಹುಮಟ್ಟಿಗೆ ಈ ಎರಡು ಕಂಪನಿಗಳ ಸ್ವತ್ತು. ಡ್ರೈವರುಗಳಲ್ಲೂ ಎರಡು ಪಂಗಡ: ಟಾಟಾ ಬಿಟ್ಟರೆ ಇಲ್ಲ ಎನ್ನುವವರು, ಲೇಲ್ಯಾಂಡಿನ ಎಂಜಿನ್ ಮೇಲೆ ಆಣೆ ಇಡುವವರು.

ಪವರ್ ಸ್ಟೇರಿಂಗ್ ಇಲ್ಲದ ಆ ಗಾಡಿಯನ್ನು ಲೋಡು ಹಾಕಿಕೊಂಡು ಶಿರಾಡಿ ಘಾಟಿ ಹತ್ತಿಸುವುದೆಂದರೆ ರಟ್ಟೆಯ ಕೆಲಸ. ತಿರುವಿನಲ್ಲಿ ಸ್ಟೇರಿಂಗ್ ಎಳೆಯಲು ಡ್ರೈವರ್ ಸೀಟಿನಿಂದ ಅರ್ಧ ಎದ್ದೇ ನಿಲ್ಲುತ್ತಿದ್ದ. ಗೇರು ಬದಲಿಸಲು ಎರಡೆರಡು ಸಲ ಕ್ಲಚ್ ತುಳಿಯಬೇಕು. ಹದ ತಪ್ಪಿದರೆ ಗೇರು ಕಚ್ಚದೆ ಗಾಡಿ ಹಿಂದಕ್ಕೆ ಜಾರುತ್ತದೆ. ಅಂಥ ಹೊತ್ತಿಗೆಂದೇ ಕ್ಲೀನರ್ ಹುಡುಗ ಮರದ ತುಂಡು ಹಿಡಿದು ಲಾರಿಯ ಪಕ್ಕದಲ್ಲಿ ಓಡುತ್ತಿದ್ದ. ಗಾಡಿ ಹಿಂದೆ ಸರಿದ ಕೂಡಲೇ ಹಿಂದಿನ ಟೈರಿಗೆ ಅದನ್ನು ಕೊಡಬೇಕು. ಒಂದು ಕ್ಷಣ ತಡವಾದರೂ ಲಾರಿ ಪ್ರಪಾತಕ್ಕೆ. ಒಂದು ಕ್ಷಣ ಅವಸರವಾದರೆ ಹುಡುಗನ ಕೈ ಟೈರಿನಡಿಗೆ.

ಕ್ಲೀನರ್‌ನ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಗಾಡಿ ತೊಳೆಯುವುದು, ತಾಡಪತ್ರಿ ಹೊದೆಸಿ ಹಗ್ಗ ಬಿಗಿಯುವುದು, ಪಂಚರಾದರೆ ಜಾಕ್ ಕೊಡುವುದು, ರಿವರ್ಸ್ ತೆಗೆಯುವಾಗ ಹಿಂದೆ ನಿಂತು ‘ಬರ್ಲಿ... ಬರ್ಲಿ... ಹೋಲ್ಡಾನ್’ ಎಂದು ಕೂಗುವುದು, ರಾತ್ರಿ ಡ್ರೈವರಿನ ಕಣ್ಣು ಮುಚ್ಚದಂತೆ ಮಾತಾಡಿಸುತ್ತ ಕೂರುವುದು ಎಲ್ಲವೂ ಅವನ ಪಾಲಿಗೆ. ಇಷ್ಟು ಮಾಡಿದರೆ ಯಾವುದೋ ಬಯಲು ರಸ್ತೆಯಲ್ಲಿ ನಡುರಾತ್ರಿ ಸ್ಟೇರಿಂಗ್ ಅವನ ಕೈಗೆ ಬರುತ್ತಿತ್ತು. ಕಾಯ್ದೆಯ ಕಣ್ಣಿಗೆ ಅದು ಅಪರಾಧ. ಆದರೆ ದೇಶದ ಬಹುಪಾಲು ಲಾರಿ ಡ್ರೈವರುಗಳು ಕಲಿತದ್ದು ಈ ಶಾಲೆಯಲ್ಲೇ, ಬೇರೆ ಶಾಲೆ ಇರಲೂ ಇಲ್ಲ. ಸರ್ಕಾರ 2007ರಲ್ಲಿ ಸಾರಿಗೆ ವಾಹನದ ಚಾಲಕರಿಗೆ 8ನೇ ತರಗತಿ ಪಾಸಾಗಿರಬೇಕೆಂಬ ನಿಯಮ ತಂದಿತು. ಹನ್ನೆರಡು ವರ್ಷದ ಮೇಲೆ, ಡ್ರೈವರುಗಳೇ ಸಿಗುತ್ತಿಲ್ಲ ಎಂಬ ಕೂಗು ಜೋರಾದಾಗ, 2019ರಲ್ಲಿ ಅದನ್ನು ತೆಗೆದುಹಾಕಿತು.

ರೈಲಿನ ಕಾವಲು ಸಡಿಲಾದದ್ದು ನಿಧಾನವಾಗಿ. ಮೀನೂ ಮಸಾನಿ ಅವರ ಅಧ್ಯಕ್ಷತೆಯ ಸಮಿತಿ 1959ರಲ್ಲಿ ಲಾರಿಗಳಿಗೆ ದಾರಿ ಬಿಡಿ ಎಂದು ಹೇಳಿತು. 1975ರಲ್ಲಿ ನ್ಯಾಷನಲ್ ಪರ್ಮಿಟ್ ಬಂದು, ಒಂದೇ ಲಾರಿ ಹಲವು ರಾಜ್ಯಗಳಲ್ಲಿ ಓಡುವುದು ಸಾಧ್ಯವಾಯಿತು. ಮರುವರ್ಷ, 1976ರಲ್ಲಿ, ಗದಗಿನ ಪುಸ್ತಕ ಪ್ರಕಾಶಕರ ಮನೆಯ ಯುವಕ ವಿಜಯ ಸಂಕೇಶ್ವರ ಒಂದು ಲಾರಿ ಕೊಂಡು ಈ ದಂಧೆಗೆ ಇಳಿದರು. ಹುಬ್ಬಳ್ಳಿಯಲ್ಲಿ ಬೆಳೆದ ಅವರ ವಿಆರ್‌ಎಲ್ ಮುಂದೆ ದೇಶದ ಅತಿ ದೊಡ್ಡ ಖಾಸಗಿ ವಾಹನ ಬಳಗಗಳಲ್ಲಿ ಒಂದಾಯಿತು. ಆದರೆ ಅದು ಅಪವಾದ. ಒಂದೋ ಎರಡೋ ಗಾಡಿ ಇಟ್ಟುಕೊಂಡು, ಕಂತು ಕಟ್ಟುತ್ತ, ಬುಕಿಂಗ್ ಆಫೀಸಿನ ಬೆಂಚಿನ ಮೇಲೆ ಲೋಡಿಗಾಗಿ ಕಾದವರೇ ಈ ಉದ್ಯಮದ ಬೆನ್ನೆಲುಬು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನ್ಯಾಷನಲ್ ಪರ್ಮಿಟ್ಟಿನ ನಿಯಮಾವಳಿಯಲ್ಲಿ ಸರ್ಕಾರಿ ಸೂಕ್ಷ್ಮತೆಯ ಒಂದು ನಮೂನೆ ಇತ್ತು. ಅಂಥ ಲಾರಿಗೆ ಒಣ ಎಲೆಯ ಕಂದು ಬಣ್ಣ ಬಳಿಯಬೇಕಿತ್ತು, ಸುತ್ತ ದಪ್ಪನೆಯ ಬಿಳಿ ಅಂಚು ಇರಬೇಕಿತ್ತು, ಎರಡೂ ಪಕ್ಕಕ್ಕೆ 60 ಸೆಂಟಿಮೀಟರ್ ವ್ಯಾಸದ ವೃತ್ತದೊಳಗೆ ‘ನ್ಯಾಷನಲ್ ಪರ್ಮಿಟ್’ ಎಂದು ಬರೆಸಬೇಕಿತ್ತು. ವೃತ್ತದ ಅಳತೆಯನ್ನು ಇಷ್ಟು ಕರಾರುವಾಕ್ಕಾಗಿ ಹೇಳಿದ ನಿಯಮ, ಡ್ರೈವರಿನ ಸೀಟಿನ ಅಗಲದ ವಿಚಾರಕ್ಕೆ ಹೋಗಲಿಲ್ಲ. 2010ರವರೆಗೆ ಈ ಪರ್ಮಿಟ್ ಕೂಡ ನಿಜವಾಗಿ ‘ನ್ಯಾಷನಲ್’ ಆಗಿರಲಿಲ್ಲ. ತನ್ನ ರಾಜ್ಯವಲ್ಲದೆ ಕನಿಷ್ಠ ಮೂರು ರಾಜ್ಯ ಆರಿಸಿಕೊಂಡು, ರಾಜ್ಯಕ್ಕೆ ವರ್ಷಕ್ಕೆ 5,000 ರೂಪಾಯಿಯಂತೆ ಕಟ್ಟಬೇಕಿತ್ತು. 2010ರ ಮೇ ತಿಂಗಳಲ್ಲಿ ಇಡೀ ದೇಶಕ್ಕೆ ಒಂದೇ ಶುಲ್ಕ ಬಂತು: ವರ್ಷಕ್ಕೆ 15,000, ಆಮೇಲೆ 16,500.

ಪರ್ಮಿಟ್ ಇದ್ದ ಮಾತ್ರಕ್ಕೆ ದಾರಿ ತೆರೆಯುತ್ತಿರಲಿಲ್ಲ. ಊರಿನ ಬಾಗಿಲಲ್ಲಿ ಜಕಾತಿ ನಾಕಾ, ರಾಜ್ಯದ ಬಾಗಿಲಲ್ಲಿ ಚೆಕ್‌ಪೋಸ್ಟ್. ಸುಂಕ ವಸೂಲಿ ನಮ್ಮ ನಾಡಿಗೆ ಹೊಸದಲ್ಲ. 12ನೇ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣನೂ ಒಬ್ಬ, ಅದೇ ಅವನ ಕಾಯಕ. ಕರ್ನಾಟಕ 1979ರಲ್ಲೇ ಜಕಾತಿಯನ್ನು (ಆಕ್ಟ್ರಾಯ್) ರದ್ದು ಮಾಡಿ ಪ್ರವೇಶ ತೆರಿಗೆಗೆ ಬದಲಿಸಿಕೊಂಡಿತು. ಪಕ್ಕದ ಮಹಾರಾಷ್ಟ್ರದಲ್ಲಿ ಮಾತ್ರ ಅದು ದಶಕಗಟ್ಟಲೆ ಉಳಿಯಿತು. ಮುಂಬಯಿಯ ನಾಕಾಗಳು ಮುಚ್ಚಿದ್ದು 2017ರಲ್ಲಿ. ಹುಬ್ಬಳ್ಳಿಯಿಂದ ಮೆಣಸಿನಕಾಯಿ ಹೇರಿಕೊಂಡು ಹೊರಟ ಲಾರಿ ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಒಮ್ಮೆ, ಮುಂಬಯಿ ಬಾಗಿಲಲ್ಲಿ ಇನ್ನೊಮ್ಮೆ ನಿಲ್ಲಬೇಕಿತ್ತು. ತಮಿಳುನಾಡಿನ ಕಡೆ ಅತ್ತಿಬೆಲೆ, ಕೇರಳದ ಕಡೆ ವಾಳಯಾರ್. ವಾಳಯಾರಿನ ಸಾಲು ದಕ್ಷಿಣದ ಡ್ರೈವರುಗಳ ನಡುವೆ ಗಾದೆಯಷ್ಟೇ ಪ್ರಸಿದ್ಧ.

ಚೆಕ್‌ಪೋಸ್ಟಿನಲ್ಲಿ ನಡೆಯುತ್ತಿದ್ದುದು ಇಷ್ಟು. ಡ್ರೈವರ್ ಸೀಟಿನ ಮೇಲಿನ ಗೂಡಿನಿಂದ ಪ್ಲಾಸ್ಟಿಕ್ ಚೀಲ ಇಳಿಸುತ್ತಾನೆ. ಅದರಲ್ಲಿ ಆರ್‌.ಸಿ., ಎಫ್‌.ಸಿ., ಪರ್ಮಿಟ್ಟು, ವಿಮೆ, ತೆರಿಗೆ ಕಾರ್ಡು, ಬಿಲ್ಟಿ, ಇನ್‌ವಾಯ್ಸು, ಮಾರಾಟ ತೆರಿಗೆಯ ಫಾರಮ್ಮು. ಮಳೆಗೆ ನೆಂದು, ಮಡಿಕೆಯಲ್ಲಿ ಹರಿದು, ಟೇಪು ಅಂಟಿಸಿಕೊಂಡ ಕಾಗದಗಳು. ಕಿಟಕಿಯೊಳಗಿನವನು ಒಂದೊಂದನ್ನೇ ತಿರುಗಿಸುತ್ತಾನೆ. ಎಲ್ಲ ಸರಿ ಇದ್ದರೂ ತೂಕ ಸರಿ ಇಲ್ಲ, ತೂಕ ಸರಿ ಇದ್ದರೆ ಸೀಲು ಕಾಣುತ್ತಿಲ್ಲ. ಕಡೆಗೆ ಕಾಗದಗಳ ನಡುವೆ ಒಂದು ನೋಟು ಸೇರುತ್ತದೆ, ಸೀಲು ಬೀಳುತ್ತದೆ. ಇದಕ್ಕೆ ‘ಮಾಮೂಲು’ ಎಂದು ಹೆಸರು. ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಪ್ರಕಟಿಸಿದ ಅಧ್ಯಯನ, ದೇಶದ ಲಾರಿಗಳಿಂದ ಹೀಗೆ ಕೈಬದಲಾಗುವ ಹಣವನ್ನು ವರ್ಷಕ್ಕೆ ಸುಮಾರು 48,000 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅಂದರೆ ತೆರಿಗೆ ಚೆಕ್‌ಪೋಸ್ಟುಗಳು ಮುಚ್ಚಿದ ಮೇಲಿನ ಅಂದಾಜು ಅದು.

ಹೌದು, ಅವು ಮುಚ್ಚಿದವು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳು ಗಡಿಯ ತೆರಿಗೆ ಕಟ್ಟೆಗಳನ್ನು ಎತ್ತಿದವು. ಅವುಗಳ ಜಾಗಕ್ಕೆ ಬಂದ ಇ–ವೇ ಬಿಲ್ಲಿನ ತವರು ಕರ್ನಾಟಕವೇ ಎನ್ನಬಹುದು. ವ್ಯಾಟ್ ಕಾಲದಲ್ಲೇ ಇಲ್ಲಿ ‘ಇ–ಸುಗಮ’ ಎಂಬ ವ್ಯವಸ್ಥೆ ಇತ್ತು. ವ್ಯಾಪಾರಿ ಕಂಪ್ಯೂಟರಿನಲ್ಲಿ ಸರಕಿನ ವಿವರ ತುಂಬಿ ಒಂದು ಸಂಖ್ಯೆ ಪಡೆದರೆ, ಲಾರಿ ಆ ಸಂಖ್ಯೆ ಹಿಡಿದು ಹೊರಡುತ್ತಿತ್ತು. ಇದೇ ಅನುಭವದ ಮೇಲೆ ಕರ್ನಾಟಕದ ರಾಷ್ಟ್ರೀಯ ಮಾಹಿತಿ ಕೇಂದ್ರದವರು ದೇಶಕ್ಕೆ ಇ–ವೇ ಬಿಲ್ ತಂತ್ರಾಂಶ ಕಟ್ಟಿದರು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಅದು ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದನ್ನು ಅಂದೇ ಜಾರಿಗೆ ತಂದ ರಾಜ್ಯ ಕರ್ನಾಟಕ. 2021ರ ಫೆಬ್ರುವರಿ ಮಧ್ಯದಿಂದ ಟೋಲಿನಲ್ಲಿ ಫಾಸ್ಟ್ಯಾಗ್ ಕಡ್ಡಾಯವಾಯಿತು. ಆಗ ಇಲ್ಲದವರಿಗೆ ದುಪ್ಪಟ್ಟು ಶುಲ್ಕ ಬೀಳುತ್ತಿತ್ತು. ಚಿಲ್ಲರೆಗಾಗಿ ಟೋಲಿನ ಕಿಟಕಿಯಲ್ಲಿ ಜಗಳ ಕಾಯುವ ಕಾಲ ಹೋಯಿತು.

ಇದೆಲ್ಲ ಡ್ರೈವರಿಗೆ ನಿಜವಾದ ಬಿಡುಗಡೆ. ಅದನ್ನು ಅಲ್ಲಗಳೆಯುವುದು ಅನ್ಯಾಯವಾದೀತು. ಆದರೆ ನಾಕಾದಲ್ಲಿ ಉಳಿದ ಸಮಯ ಯಾರ ಜೇಬಿಗೆ ಹೋಯಿತು ಎಂದು ಕೇಳಬೇಕು. ಇ–ವೇ ಬಿಲ್ಲಿಗೆ ಅವಧಿ ಇದೆ: ಮೊದಲು 100 ಕಿಲೋಮೀಟರಿಗೆ ಒಂದು ದಿನ ಕೊಡುತ್ತಿದ್ದರು, 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದೇ ದಿನ. ಅವಧಿ ಮೀರಿ ಸಿಕ್ಕಿಬಿದ್ದರೆ ಗಾಡಿ ತಡೆದು ದಂಡ ಹಾಕುತ್ತಾರೆ. ಹಿಂದೆ ಸಾಲಿನಲ್ಲಿ ನಿಂತಾಗ ಡ್ರೈವರ್ ಸ್ಟೇರಿಂಗಿಗೆ ತಲೆ ಆನಿಸಿ ಒಂದು ಕೋಳಿನಿದ್ದೆಯಾದರೂ ಮಾಡುತ್ತಿದ್ದ. ಸಾಲಿನ ಜೊತೆಗೆ ಆ ನಿದ್ದೆಯೂ ಹೋಯಿತು.

ಫೋನಿನ ಕಥೆಯೂ ಇದೇ ಧಾಟಿಯದು. ಟ್ರಂಕ್ ಕಾಲ್ ಕಾಲದಲ್ಲಿ ಬೆಂಗಳೂರು ಬಿಟ್ಟ ಲಾರಿ ದಿಲ್ಲಿ ಮುಟ್ಟಿತೋ ಇಲ್ಲವೋ ಎಂದು ತಿಳಿಯಲು ಮಾಲೀಕ ದಿನಗಟ್ಟಲೆ ಕಾಯುತ್ತಿದ್ದ. ಗಾಡಿ ಡ್ರೈವರಿನ ವಶದಲ್ಲಿ, ಸಮಯವೂ ಅವನ ವಶದಲ್ಲಿ. ಎಸ್‌ಟಿಡಿ ಬೂತು ಬಂದ ಮೇಲೆ ದಿನಕ್ಕೊಂದು ಫೋನು. ಈಗ ಜಿಪಿಎಸ್ ಇದೆ, ಕೆಲವು ಗಾಡಿಗಳ ಟ್ಯಾಂಕಿನಲ್ಲಿ ಡೀಸೆಲ್ ಅಳೆಯುವ ಸೆನ್ಸರ್ ಇದೆ. ಡಾಬಾದಲ್ಲಿ ರೊಟ್ಟಿ ಮುರಿಯುವಷ್ಟರಲ್ಲಿ ಫೋನು ಬರುತ್ತದೆ.

‘ಏನಪ್ಪಾ, ಗಾಡಿ ಮುಕ್ಕಾಲು ಗಂಟೆಯಿಂದ ಅಲ್ಲೇ ನಿಂತೈತಲ್ಲ?’

‘ಊಟಕ್ಕೆ ನಿಂತೀನ್ರಿ ಸಾಹುಕಾರ್ರೆ.’

‘ನಾಳೆ ಬೆಳಗಾಗೂದ್ರಾಗ ಲೋಡು ಮುಟ್ಟಬೇಕು ನೋಡು.’

ಲೋಡು ಹುಡುಕುವುದೂ ಮೊಬೈಲಿಗೆ ಬಂದಿದೆ. 2015ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬ್ಲ್ಯಾಕ್‌ಬಕ್‌ನಂಥ ಕಂಪನಿಗಳ ಆ್ಯಪ್‌ಗಳು ಬುಕಿಂಗ್ ಏಜೆಂಟನ ಕೆಲಸವನ್ನು ಒಂದಿಷ್ಟು ಕಿತ್ತುಕೊಂಡವು. ತಂತ್ರಜ್ಞಾನವನ್ನು ಡ್ರೈವರಿನ ಪರವಾಗಿ ಬಳಸುವ ಪ್ರಯತ್ನವೂ ಆಗಿದೆ. ಗುರುಗ್ರಾಮದ ರಿವಿಗೊ ಕಂಪನಿ ಅಂಚೆ ಓಟದಂತೆ ಲಾರಿ ಓಡಿಸಿತು. ಒಬ್ಬ ಡ್ರೈವರ್ ನಾಲ್ಕೈದು ಗಂಟೆ ಓಡಿಸಿ ಗಾಡಿಯನ್ನು ಮುಂದಿನವನಿಗೆ ಒಪ್ಪಿಸುತ್ತಾನೆ, ತಾನು ಎದುರಿನಿಂದ ಬರುವ ಗಾಡಿ ಹತ್ತಿ ಅಂದೇ ಮನೆಗೆ ಮರಳುತ್ತಾನೆ. ಲೆಕ್ಕ ಕಾಗದದ ಮೇಲೆ ಸೊಗಸಾಗಿತ್ತು, ಸಾಕಷ್ಟು ದಿನ ರಸ್ತೆಯ ಮೇಲೂ ನಡೆಯಿತು. ಆದರೆ ಅಷ್ಟೊಂದು ಗಾಡಿ, ಅಷ್ಟೊಂದು ನಿಲ್ದಾಣ ಇಟ್ಟುಕೊಳ್ಳುವ ತಾಕತ್ತು ಒಂದು ಲಾರಿಯ ಮಾಲೀಕನಿಗೆ ಎಲ್ಲಿಂದ ಬರಬೇಕು? 2022ರಲ್ಲಿ ಆ ಕಂಪನಿಯ ಎಕ್ಸ್‌ಪ್ರೆಸ್ ಸರಕು ವ್ಯವಹಾರ ಮಹೀಂದ್ರ ಲಾಜಿಸ್ಟಿಕ್ಸ್ ಪಾಲಾಯಿತು.

ಕಂಪನಿಗಳ ಮಾತು ಹಾಗಿರಲಿ, ಸರ್ಕಾರಕ್ಕೆ ಮನಸ್ಸಿದ್ದರೆ ನಿಯಮ ಜಾರಿ ಕಷ್ಟವೇನಲ್ಲ. 2009ರಿಂದ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗಿನ 6ರವರೆಗೆ ಮುಚ್ಚುತ್ತದೆ. ಕೇರಳದ ಒತ್ತಡ ಎಷ್ಟಿದ್ದರೂ ಗೇಟು ಇಳಿಯುತ್ತದೆ. ಗುಂಡ್ಲುಪೇಟೆಯಲ್ಲಿ ತಡವಾದ ಲಾರಿ ಅಲ್ಲೇ ರಾತ್ರಿ ಕಳೆಯುತ್ತದೆ. ಬಳ್ಳಾರಿ ಜಿಲ್ಲೆಯಲ್ಲಿ ಅದಿರಿನ ಲಾರಿಗಳು ಮಿತಿಮೀರಿ ಹೇರಿಕೊಂಡು ಸಂಡೂರು, ಹೊಸಪೇಟೆಯ ರಸ್ತೆಗಳನ್ನು ಕೆಂಪು ಕೆಸರಾಗಿಸಿದ್ದವು. 2011ರಲ್ಲಿ ಲೋಕಾಯುಕ್ತ ವರದಿ, ಸುಪ್ರೀಂ ಕೋರ್ಟಿನ ಆದೇಶ ಎರಡೂ ಬಂದು ಗಣಿಗಾರಿಕೆ ನಿಂತಾಗ ಸಾಲ ಮಾಡಿ ಕೊಂಡ ಟಿಪ್ಪರುಗಳು ರಸ್ತೆ ಬದಿಯಲ್ಲಿ ತುಕ್ಕು ಹಿಡಿದವು. ತೂಕದ ಮಿತಿ ಮೀರಿದ ಗಾಡಿಯಿಂದ ದಂಡ ಪಡೆದು ಹಾಗೇ ಮುಂದೆ ಬಿಡುವ ಪದ್ಧತಿಯನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಓವರ್‌ಲೋಡ್ ಅದರಿಂದ ನಿಲ್ಲಲಿಲ್ಲ ನಿಜ. 2018ರಲ್ಲಿ ಸರ್ಕಾರ ಬೇರೆ ದಾರಿ ಹಿಡಿದು ಮಿತಿಯನ್ನೇ ಏರಿಸಿತು. 25 ಟನ್ನಿನ ಹತ್ತು ಚಕ್ರದ ಲಾರಿ 28.5 ಟನ್ನಿನದಾಯಿತು.

ಅದೇ ವರ್ಷ ಇನ್ನೊಂದು ತಿದ್ದುಪಡಿ ಸದ್ದಿಲ್ಲದೆ ಬಂತು. ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಇಬ್ಬರು ಡ್ರೈವರುಗಳು ಇರಲೇಬೇಕೆಂಬ ಹಳೆಯ ನಿಯಮವನ್ನು ಕೈಬಿಡಲಾಯಿತು. ಆ ನಿಯಮ ಅದಾಗಲೇ ಸೊರಗಿತ್ತು. ಎರಡನೇ ಡ್ರೈವರ್ ಎಂದು ಹೆಸರು ಬರೆಸಿ ಕ್ಲೀನರನ್ನು ಕೂರಿಸುವುದು ರೂಢಿಯಾಗಿತ್ತು. ಪವರ್ ಸ್ಟೇರಿಂಗು, ಟ್ಯೂಬಿಲ್ಲದ ಟೈರು ಬಂದ ಮೇಲೆ ಕ್ಲೀನರನ ಸಂಬಳವೂ ದಂಡ ಅನ್ನಿಸತೊಡಗಿ ಅವನೂ ಇಳಿದುಹೋದ. ಹೀಗಾಗಿ ಇಂದು ರಾತ್ರಿಯ ಹೆದ್ದಾರಿಯಲ್ಲಿ ಎಷ್ಟೋ ಕ್ಯಾಬಿನ್ನುಗಳಲ್ಲಿ ಇರುವುದು ಒಂದೇ ಜೀವ.

ಈಗ 1961ಕ್ಕೆ ಬರೋಣ. ಆ ವರ್ಷ ಸಂಸತ್ತು ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಮಾಡಿತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ದಾರಿಗೆ ಬೇಕಾದರೆ ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆ ವಿರಾಮ. ಎಷ್ಟು ಒಳ್ಳೆಯ ಕಾಯ್ದೆ! ಆದರೆ ಅದು ಅನ್ವಯಿಸಿದ್ದು ಐದು ಅಥವಾ ಹೆಚ್ಚು ಕೆಲಸಗಾರರಿದ್ದ ಸಂಸ್ಥೆಗಳಿಗೆ. ಒಂದೆರಡು ಗಾಡಿಯ ಮಾಲೀಕರೇ ತುಂಬಿದ ಉದ್ಯಮದಲ್ಲಿ ಬಹುಪಾಲು ಡ್ರೈವರುಗಳು ಅದರ ಹೊರಗೇ ಉಳಿದರು. 1988ರ ಹೊಸ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಅದೇ ಗಂಟೆಗಳ ಮಿತಿಯನ್ನು ಸಾರಿಗೆ ವಾಹನ ಓಡಿಸುವ ಎಲ್ಲರಿಗೂ ವಿಸ್ತರಿಸಿತು. 2020ರಲ್ಲಿ ಹಳೆಯ ಕಾಯ್ದೆಯನ್ನು ಔದ್ಯೋಗಿಕ ಸುರಕ್ಷತೆಯ ಸಂಹಿತೆಯೊಳಗೆ ಸೇರಿಸಿದರು. ಮಾತು ಕಾಗದದಿಂದ ಕಾಗದಕ್ಕೆ ದಾಟಿತು. ಯಾವ ಹೆದ್ದಾರಿಯಲ್ಲೂ ಯಾರೂ ಲಾರಿ ನಿಲ್ಲಿಸಿ ‘ಎಷ್ಟು ಹೊತ್ತಾಯಿತಪ್ಪಾ ಮಲಗಿ?’ ಎಂದು ಕೇಳುವುದಿಲ್ಲ.

ಯುರೋಪಿನಲ್ಲಿ ಕೇಳುತ್ತಾರೆ. ಅಲ್ಲಿ 1970ರಲ್ಲೇ ಟ್ಯಾಕೋಗ್ರಾಫ್ ಎಂಬ ಯಂತ್ರಕ್ಕೆ ಕಾನೂನು ಬಂತು. ಗಾಡಿ ಎಷ್ಟು ಹೊತ್ತು ಓಡಿತು, ಎಷ್ಟು ಹೊತ್ತು ನಿಂತಿತು ಎಂಬುದನ್ನು ಅದು ಬರೆದಿಡುತ್ತದೆ. ಬ್ರಿಟನ್ನಿನ ಡ್ರೈವರುಗಳು ಮೊದಮೊದಲು ಅದನ್ನು ಕ್ಯಾಬಿನ್ನಿನ ಗೂಢಚಾರ ಎಂದು ಬೈದರು. ಇಂದು ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲದಿದ್ದರೆ ದಂಡ ಬೀಳುತ್ತದೆ. ಅಮೆರಿಕದಲ್ಲಿ 2017ರ ಡಿಸೆಂಬರ್‌ನಿಂದ ಎಲೆಕ್ಟ್ರಾನಿಕ್ ದಾಖಲೆ ಕಡ್ಡಾಯ. ನಮ್ಮ ಸಾರಿಗೆ ಸಚಿವ ನಿತಿನ್ ಗಡ್ಕರಿ 2021ರಲ್ಲಿ, ವಿಮಾನದ ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕು ಎಂದರು. 1961ರ ಗಂಟೆಗಳು ಇದ್ದೇ ಇದ್ದವು ಎಂಬುದು ಆ ಸುದ್ದಿಯಲ್ಲಿ ಎಲ್ಲೋ ಮರೆಯಾಯಿತು.

ಶಿಕ್ಷೆಯ ವಿಚಾರಕ್ಕೆ ಬಂದರೆ ಈ ಮರೆವು ಇಲ್ಲ. ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಂ, ಅಪಘಾತದಲ್ಲಿ ಸಾವಾಗಿ ಚಾಲಕ ತಿಳಿಸದೆ ಓಡಿಹೋದರೆ 10 ವರ್ಷದವರೆಗೆ ಜೈಲು ಎಂದಿತು. 2024ರ ಜನವರಿ ಮೊದಲ ದಿನಗಳಲ್ಲಿ ಉತ್ತರ ಮತ್ತು ಪಶ್ಚಿಮ ಭಾರತದಲ್ಲಿ ಲಾರಿಗಳು ನಿಂತವು, ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಓಡಿಹೋಗದೆ ನಿಂತರೆ ಜನ ಹೊಡೆದು ಕೊಲ್ಲುತ್ತಾರಲ್ಲ ಎಂಬುದು ಡ್ರೈವರುಗಳ ಪ್ರಶ್ನೆ. ಅದೇ ವರ್ಷ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಒಂದು ಉಪಕಲಂ ಅನ್ನು ಬದಿಗಿಡಲಾಯಿತು.

ಡ್ರೈವರಿನ ಗಂಟೆಗಳ ಲೆಕ್ಕ ಇಡಲು ಹೊಸ ಯಂತ್ರ ಬೇಕು, ಖರ್ಚಾಗುತ್ತದೆ ಎಂಬ ನೆಪ ಈಗ ನಿಲ್ಲುವುದಿಲ್ಲ. ಯಾವ ಲಾರಿ ಯಾವ ಟೋಲನ್ನು ಎಷ್ಟು ಗಂಟೆಗೆ ದಾಟಿತು ಎಂಬುದು ಫಾಸ್ಟ್ಯಾಗ್‌ನಲ್ಲಿದೆ. ಎಲ್ಲಿಂದ ಹೊರಟಿತು, ಯಾವತ್ತಿನೊಳಗೆ ಮುಟ್ಟಬೇಕು ಎಂಬುದು ಇ–ವೇ ಬಿಲ್ಲಿನಲ್ಲಿದೆ. ರಾತ್ರಿ ಹತ್ತಕ್ಕೆ ತುಮಕೂರು ಬಿಟ್ಟ ಒಬ್ಬನೇ ಡ್ರೈವರಿನ ಲಾರಿ ಎಲ್ಲೂ ನಿಲ್ಲದೆ ಮರುದಿನ ಮಧ್ಯಾಹ್ನ ಪುಣೆ ಹತ್ತಿರದ ಟೋಲು ದಾಟಿದರೆ, 91ನೇ ಕಲಂ ಮುರಿದದ್ದಕ್ಕೆ ಸಾಕ್ಷಿ ಸರ್ಕಾರದ ಕಂಪ್ಯೂಟರಿನಲ್ಲೇ ಬಿದ್ದಿರುತ್ತದೆ. ತೆರಿಗೆ ತಪ್ಪಿಸಿದವರನ್ನು ಹಿಡಿಯಲು ಆ ದಾಖಲೆಗಳನ್ನು ಈಗಾಗಲೇ ತಾಳೆ ನೋಡುತ್ತಾರೆ. ಡ್ರೈವರಿಗೆ ವಿಶ್ರಾಂತಿ ಕೊಡದೆ ಓಡಿಸುವ ಮಾಲೀಕರನ್ನೂ ಸರಕುದಾರರನ್ನೂ ಹಿಡಿಯಲು ಅವನ್ನೇ ಬಳಸುವ ಕೆಲಸವನ್ನು ಸಾರಿಗೆ ಇಲಾಖೆ ಇನ್ನಾದರೂ ಕೈಗೆತ್ತಿಕೊಳ್ಳಬೇಕು, ಅದೂ ದಂಡವನ್ನು ಡ್ರೈವರಿನ ತಲೆಗೆ ಕಟ್ಟದೆ.